ಟ್ರಂಕ್ ಕಾಲಿನಿಂದ ಆನ್‌ಲೈನ್ ಪಾಠದವರೆಗೆ

1980ರ ಸುಮಾರಿಗೆ ಧಾರವಾಡದಿಂದ ಮುಂಬಯಿಗೆ ಮಾತಾಡಬೇಕೆಂದರೆ ನಮ್ಮಂಥವರು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ನಾನಾಗ ಈ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಅಜ್ಜಿಗೆ ಸೀರಿಯಸ್ ಆಗಿತ್ತು. ಕಾಕಾನನ್ನು ಕರೆಸಲು ಅಪ್ಪ ನನ್ನನ್ನೂ ಕರಕೊಂಡು ಹೋಗಿದ್ದರು. ಕಾಲ್‌ಗಳಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಅರ್ಜೆಂಟಿಗೆ ದುಪ್ಪಟ್ಟು ದರ, ಲೈಟ್ನಿಂಗಿಗೆ ಎಂಟು ಪಟ್ಟು. ಅಪ್ಪನ ಕಿಸೆಯಲ್ಲಿದ್ದುದು ಆರ್ಡಿನರಿಗೆ ಸಾಕಾಗುವಷ್ಟೇ. ಮುಂಜಾನೆ ಬುಕ್ ಮಾಡಿದ ಕಾಲ್ ಕೂಡಿದ್ದು ಸಂಜೆ. ಅಷ್ಟರಲ್ಲಿ ಅಂದಿನ ಬಸ್ಸು ಹೋಗಿತ್ತು. ಕಾಕಾ ಊರು ಮುಟ್ಟಿದಾಗ ಎಲ್ಲ ಮುಗಿದಿತ್ತು.

ಮಾತು ಆರಂಭವಾದ ಮೇಲೆ ಮಾತ್ರ ಆ ತಂತಿ ಪೂರ್ತಿ ನಿಮ್ಮದೇ. ನಡುವೆ ಬೇರೆ ಯಾರೂ ಬರುವಂತಿರಲಿಲ್ಲ. ತಂತಿಗಳು ಕಡಿಮೆ, ಕಾಯುವವರು ಬಹಳ ಎಂಬುದೇ ತೊಂದರೆ.

ಬದಲಾವಣೆಯ ಒಂದು ದೊಡ್ಡ ಹೆಜ್ಜೆ ಬಿದ್ದದ್ದು ನಮ್ಮ ಮಗ್ಗುಲಲ್ಲೇ. ಸ್ಯಾಮ್ ಪಿತ್ರೋಡಾ ಅವರ ಮುತುವರ್ಜಿಯಿಂದ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ಅದರ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಆರಂಭವಾದದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಧೂಳು, ಸೆಕೆ ತಡೆದುಕೊಂಡು, ಎ.ಸಿ. ಕೋಣೆಯಿಲ್ಲದೆ ನಡೆಯುವ ಯಂತ್ರವದು. ಚೆನ್ನಮ್ಮನ ಬಗ್ಗೆ ನಾವೆಲ್ಲ ಪಾಠ ಓದಿದ್ದೇವೆ. ಈ ಸಂಗತಿ ಮಾತ್ರ ನನಗೆ ಯಾವ ಪಾಠದಲ್ಲೂ ಸಿಗಲಿಲ್ಲ.

ಇಂಟರ್‌ನೆಟ್ ಬಂದ ಮೇಲೆ ತೊಂದರೆ ತಲೆಕೆಳಗಾಯಿತು. ಈಗ ಕೂಡಲಿಕ್ಕೆ ಕಾಯಬೇಕಿಲ್ಲ, ಆದರೆ ತಂತಿ ಯಾರೊಬ್ಬರದೂ ಅಲ್ಲ. ನಮ್ಮ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕು ಮಾಡಿ, ಪ್ಯಾಕೆಟ್‌ಗಳಲ್ಲಿ ಕಳಿಸುತ್ತಾರೆ. ಸಿನಿಮಾ, ಫೋಟೊ, ಪತ್ರ ಎಲ್ಲವೂ ಅದೇ ದಾರಿಯಲ್ಲಿ ನುಗ್ಗುತ್ತವೆ. ಪತ್ರ ಎರಡು ಸೆಕೆಂಡು ತಡವಾದರೆ ನಷ್ಟವಿಲ್ಲ. ಮಾತಿನ ತುಣುಕು ತಡವಾದರೆ ಬಂದೂ ಉಪಯೋಗವಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಲೀಸು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದಕ್ಕೆಂದೇ ಪ್ಯಾಕೆಟ್ಟಿನ ತಲೆಯ ಮೇಲೆ ಗುರುತು ಹಾಕಿ, ಮಾತಿಗೆ ಮೊದಲು ದಾರಿ ಬಿಡಿಸುವ ವ್ಯವಸ್ಥೆಯುಂಟು. ಹಳೆಯ ಅರ್ಜೆಂಟ್ ಕಾಲೇ ಇದು ಎಂದು ನನಗನ್ನಿಸಿತ್ತು. ಆದರೆ ಇಲ್ಲಿ ನೋಡುವುದು ಸಾಗುತ್ತಿರುವ ವಸ್ತು ಯಾವುದೆಂದು; ಅಲ್ಲಿ ನೋಡುತ್ತಿದ್ದುದು ಕಿಸೆಯನ್ನು. ಕಿಸೆಯ ಲೆಕ್ಕ ಪೂರ್ತಿ ಹೋಗಿದೆ ಎನ್ನಲಾರೆ. ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕಬಾರದೆಂದು ಟ್ರಾಯ್ 2016ರ ಫೆಬ್ರುವರಿಯಲ್ಲಿ ನಿಯಮ ಮಾಡಬೇಕಾಯಿತಲ್ಲ!

2020ರಲ್ಲಿ ಶಾಲೆ ಮುಚ್ಚಿದಾಗ ನಾನು ಇದೇ ಶಾಲೆಯ ಶಿಕ್ಷಕ. ಮೊಬೈಲಿನಲ್ಲಿ ಗಣಿತ ಹೇಳುತ್ತಿದ್ದರೆ ಆ ಕಡೆಯಿಂದ, "ಸರ್, ಕೇಳವಲ್ದರೀ" ಎಂಬ ದನಿ, ಅದೂ ಅರ್ಧ. ಚಂದನ ವಾಹಿನಿಯ ಸೇತುಬಂಧ ಪಾಠಗಳು ತುಂಡಾಗದೆ ಬರುತ್ತಿದ್ದವು, ಆದರೆ ಟಿ.ವಿ.ಗೆ ತಿರುಗಿ ಪ್ರಶ್ನೆ ಕೇಳುವುದೆಲ್ಲಿ? 2021ರ ಜನವರಿ 1ಕ್ಕೆ ಹತ್ತನೆಯ ತರಗತಿ ತೆರೆದಾಗ ಒಬ್ಬ ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ನನ್ನ ಮುಂದಿಟ್ಟಳು. ತಿಂಗಳುಗಟ್ಟಲೆ ಕೇಳಲಾಗದೆ ಬರೆದಿಟ್ಟ ಪ್ರಶ್ನೆಗಳು, ಒಟ್ಟು ಹದಿನೇಳು. ಅಂದು ಹೊಸ ಪಾಠ ಮಾಡಲಿಲ್ಲ.