ಮಹಾಗನಿಯ ಸುಂಕ ಮತ್ತು ಅಚೌರ್ಯಾಣುವ್ರತ

ವಸ್ತುವಿನ ಬೆಲೆಯಲ್ಲಿ ಅಸಲು, ಸಾಗಣೆ, ಲಾಭಗಳೊಡನೆ ರಾಜ್ಯದ ಸುಂಕವೂ ಅಡಗಿರುತ್ತದೆ. ಸುಂಕ ಏರಿದರೆ ಬೆಲೆ ಏರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಸುಂಕವು ವರ್ತಕನ ಮಾತನ್ನೂ ಬದಲಿಸಬಲ್ಲದು. ಸರಕಿಗೆ ಹೊಸ ಹೆಸರನ್ನೂ ಹೊಸ ಊರನ್ನೂ ಕಟ್ಟಬಲ್ಲದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮಹಾಗನಿ ವ್ಯಾಪಾರ ಇದಕ್ಕೊಂದು ನಿದರ್ಶನ.

1721ರಲ್ಲಿ ಬ್ರಿಟಿಷ್ ಸಂಸತ್ತು ಅಮೆರಿಕ ಖಂಡದ ತನ್ನ ವಸಾಹತುಗಳಿಂದ ಬರುವ ಮರಮುಟ್ಟಿನ ಮೇಲಿನ ಆಮದುಸುಂಕವನ್ನು ತೆಗೆದುಹಾಕಿತು. ನೌಕಾಪಡೆಗೆ ಬೇಕಾದ ಸಾಮಗ್ರಿಯನ್ನು ಒದಗಿಸಿಕೊಳ್ಳುವುದು ಶಾಸನದ ಉದ್ದೇಶವಾಗಿತ್ತು. ಅದರ ಫಲವನ್ನು ಹೆಚ್ಚಾಗಿ ಉಂಡವರು ಪೀಠೋಪಕರಣದ ವರ್ತಕರು. ಅಗಲವಾದ ಹಲಗೆಗಳನ್ನು ಕೊಡುವ, ಸುಲಭವಾಗಿ ಬಾಗದ, ಕೆಂಪು ಹೊಳಪಿನ ಜಮೈಕಾದ ಮಹಾಗನಿ ಲಂಡನ್ನಿನ ಅಂಗಡಿಗಳನ್ನು ತುಂಬಿತು. ಇಂಗ್ಲೆಂಡಿಗೆ ಬಂದ ಮಹಾಗನಿ 1740ರಲ್ಲಿ 525 ಟನ್. 1750ರಲ್ಲಿ 3,688 ಟನ್. 1788ರಲ್ಲಿ 30,000 ಟನ್ನಿಗೂ ಅಧಿಕ.

ಸರಕು ಹೆಚ್ಚಿದಂತೆ ಅದನ್ನು ಮಾರುವ ಕಲೆಯೂ ಬೆಳೆಯಿತು. 1754ರಲ್ಲಿ ಥಾಮಸ್ ಚಿಪ್ಪೆಂಡೇಲ್ ಎಂಬ ಪೀಠೋಪಕರಣ ತಯಾರಕನು ಕುರ್ಚಿ, ಮೇಜು, ಕಪಾಟುಗಳ ವಿನ್ಯಾಸಚಿತ್ರಗಳ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಶ್ರೀಮಂತರು ಚಿತ್ರ ನೋಡಿ ಬೇಡಿಕೆ ಸಲ್ಲಿಸುವಂತಾಯಿತು. ಆದರೆ ಮರವನ್ನು ಕಡಿದವರಾರೆಂಬುದು ಯಾವ ಚಿತ್ರದಲ್ಲಿಯೂ ಕಾಣುತ್ತಿರಲಿಲ್ಲ. ಕಡಿದವರು ಆಫ್ರಿಕದಿಂದ ಸೆಳೆದು ತಂದ ಗುಲಾಮರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ವರ್ಜ್ಯವೆಂದ ಹದಿನೈದು ಜೀವಿಕೆಗಳಲ್ಲಿ ಕಾಡು ಕಡಿದು ಮಾರುವ ವನಜೀವಿಕೆಯೂ, ದ್ವಿಪದ ಚತುಷ್ಪದಗಳನ್ನು ಮಾರುವ ಕೇಶವಾಣಿಜ್ಯವೂ ಇವೆ. ಒಂದು ನುಣುಪಾದ ಮೇಜಿನಲ್ಲಿ ಇವೆರಡೂ ಕೂಡಿದ್ದವು.

ಮುಂದೆ 1766ರ ಶಾಸನವು ಜಮೈಕಾದ ಮುಖ್ಯ ಬಂದರುಗಳನ್ನು ಪರದೇಶದ ಹಡಗುಗಳಿಗೆ ತೆರೆಯಿತು. ಅನ್ಯರಾಜ್ಯಗಳ ಅಧೀನದಲ್ಲಿದ್ದ ನಾಡುಗಳ ಮಹಾಗನಿ ಅಲ್ಲಿಗೆ ಬಂದು, ಜಮೈಕಾದ್ದೇ ಎಂಬಂತೆ ಬ್ರಿಟನ್ನಿಗೆ ಸಾಗಿ, ಸುಂಕದಿಂದ ಪಾರಾಯಿತು. ಮರ ಬದಲಾಗಲಿಲ್ಲ, ಅದರ ಊರು ಮಾತ್ರ ಬದಲಾಯಿತು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ರಾಜ್ಯದ ಕಟ್ಟಳೆ ಮೀರಿದ ವ್ಯವಹಾರವಾದ ವಿರುದ್ಧರಾಜ್ಯಾತಿಕ್ರಮವೂ, ಒಂದನ್ನು ಮತ್ತೊಂದೆಂದು ತೋರಿಸಿ ಮಾರುವ ಪ್ರತಿರೂಪಕವ್ಯವಹಾರವೂ ಅವುಗಳಲ್ಲಿ ಸೇರಿವೆ. ಬಂದರಿನಲ್ಲಿ ಹೆಸರು ಬದಲಿಸಿದ ಮರಕ್ಕೆ ಎರಡೂ ದೋಷಗಳು ತಗಲುತ್ತವೆ. ಕನ್ನ ಹಾಕದಿದ್ದರೂ ಕಳವು ನಡೆಯಬಹುದೆಂಬುದನ್ನು ಸೂತ್ರಕಾರರು ಎಷ್ಟೋ ಮೊದಲೇ ಕಂಡಿದ್ದರು.

ಈ ಪ್ರಶ್ನೆ ಹಳೆಯದಾಗಿಲ್ಲ. 2025ರ ಅಕ್ಟೋಬರ್ 14ರಂದು ಅಮೆರಿಕ ಸಂಯುಕ್ತ ಸಂಸ್ಥಾನವು ಆಮದಾಗುವ ಸೋಫಾ ಮೊದಲಾದ ಮೆತ್ತೆಯ ಪೀಠೋಪಕರಣಗಳ ಮೇಲೆ ಶೇ. 25ರ ಸುಂಕವನ್ನು ಜಾರಿಗೆ ತಂದಿತು. ಇಂತಹ ಸಮಯದಲ್ಲಿ ವರ್ತಕನ ಮುಂದೆ ಎರಡು ದಾರಿಗಳಿರುತ್ತವೆ. ಸುಂಕಕ್ಕೆ ಮೊದಲು ಕೊಂಡ ದಾಸ್ತಾನಿನ ಬೆಲೆ ಏರಿಸಿ, “ಸುಂಕ ತೆತ್ತಿದ್ದೇನೆ” ಎನ್ನುವುದು ಒಂದು. “ಮುಂದಿನ ಖರೀದಿಗೆ ಹೆಚ್ಚು ಬಂಡವಾಳ ಬೇಕು, ಆದ್ದರಿಂದ ಏರಿಸಿದ್ದೇನೆ” ಎನ್ನುವುದು ಇನ್ನೊಂದು. ಬೆಲೆ ಎರಡರಲ್ಲೂ ಒಂದೇ ಇರಬಹುದು. ಮೊದಲನೆಯದು ಅಸತ್ಯ, ಎರಡನೆಯದು ವ್ಯಾಪಾರ. ಏರಿದಾಗ ಸುಂಕವನ್ನು ಗಟ್ಟಿಯಾಗಿ ಹೇಳುವವನು ಇಳಿದಾಗಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಸುಂಕವನ್ನು ವಿಧಿಸುವುದು, ತೆಗೆಯುವುದು ರಾಜ್ಯದ ಕೈಯಲ್ಲಿದೆ. ಶ್ರಾವಕನ ಕೈಯಲ್ಲಿರುವುದು ಸರಕಿನ ಮೂಲವನ್ನೂ ಬೆಲೆಯ ಕಾರಣವನ್ನೂ ಇದ್ದಂತೆ ಹೇಳುವುದು. ಬಸದಿಯ ಟ್ರಸ್ಟುಗಳು ಮರ, ಪೀಠ, ಕಪಾಟುಗಳನ್ನು ಕೊಳ್ಳುವಾಗ ದರದೊಡನೆ ಮರದ ಮೂಲವನ್ನೂ ಕೇಳಿ, ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಯುಕ್ತ. ಕೇಳುವ ಗ್ರಾಹಕರಿದ್ದಲ್ಲಿ ವರ್ತಕನ ವ್ರತಪಾಲನೆಗೂ ಬಲ ಬರುತ್ತದೆ.