ಕತ್ತಿನೊಳಗಿನ ಸರಳು



ಪುಣೆಯ ಕೇಳುಗರೊಬ್ಬರು ಒಂದು ಪತ್ರ ಬರೆದಿದ್ದಾರೆ. ಅವರ ತಂದೆ ಹಡಗಿನ ನೌಕರಿಯಲ್ಲಿದ್ದಾಗ ತಂದ ಫೆಂಡರ್ ಎಲೆಕ್ಟ್ರಿಕ್ ಗಿಟಾರು ಮನೆಯಲ್ಲಿದೆ. ಕತ್ತು ಬಾಗಿದೆ, ಒಳಗಿನ ಸರಳಿನ ನಟ್ಟು ಎಷ್ಟು ತಿರುಗಿಸಿದರೂ ಹಿಡಿಯುತ್ತಿಲ್ಲ. "ಸರಳು ಬದಲಿಸಲೋ, ಕತ್ತನ್ನೇ ಬದಲಿಸಲೋ?" ಎಂಬುದು ಪ್ರಶ್ನೆ. ಉತ್ತರಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಿಟಾರಿನ ಆರು ತಂತಿಗಳು ಬಿಗಿಯಾದಾಗ ಒಟ್ಟು ಸುಮಾರು 45 ಕಿಲೋ ಸೆಳೆತ ಹಗಲಿರುಳು ಕತ್ತಿನ ಮೇಲಿರುತ್ತದೆ. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಮೆಟ್ಟಿಲುಗಳು ಮರದಲ್ಲೇ ನಾಟಿರುತ್ತವೆ. ಮರ ಬಾಗಿದರೆ ತಂತಿ ಎತ್ತರಕ್ಕೇರುತ್ತದೆ, ಬೆರಳು ನೋಯುತ್ತದೆ, ಶ್ರುತಿ ಕೆಡುತ್ತದೆ.

ಇದಕ್ಕೆ ಮದ್ದು ಕಂಡುಕೊಂಡವರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಊರಿನ ಗಿಬ್ಸನ್ ಕಾರ್ಖಾನೆಯವರು. ಅಲ್ಲಿನ ಥ್ಯಾಡಿಯಸ್ ಮೆಕ್‌ಹ್ಯೂ, ಕತ್ತಿನೊಳಗೆ ಉಕ್ಕಿನ ಸರಳು ಹುದುಗಿಸಿ ನಟ್ಟಿನಿಂದ ಬಿಗಿಸುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ಅದೇ ಟ್ರಸ್ ರಾಡ್. ಎಲ್ಲರೂ ಕೂಡಲೇ ಒಪ್ಪಿಕೊಂಡರು ಎಂದುಕೊಳ್ಳಬೇಡಿ. ಮಾರ್ಟಿನ್ ಕಂಪನಿ ಬಿಗಿಸಬಲ್ಲ ಸರಳಿಗೆ ಬಂದದ್ದು 1985ರಲ್ಲಿ!

ಇನ್ನು ಲಿಯೋ ಫೆಂಡರ್. ಆತ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು (ನಮ್ಮವರೇ ಅನ್ನಿ!). ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೆಟ್ಟ ಭಾಗ ಬಿಚ್ಚಿ ಹೊಸದು ಹಾಕುವ ರೇಡಿಯೋದವರ ಬುದ್ಧಿಯಿಂದಲೇ ಅವರು ಗಿಟಾರಿನ ಕತ್ತನ್ನು ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದರು. ಮೇಪಲ್ ಗಟ್ಟಿ ಮರ, ಸರಳು ಯಾಕೆ ಎಂಬುದು ಅವರ ವಾದ. 1950ರ ಮೊದಲ ಗಿಟಾರುಗಳಲ್ಲಿ ಸರಳಿರಲಿಲ್ಲ. ಮಾರಾಟದ ಹೊಣೆ ಹೊತ್ತಿದ್ದ ಡಾನ್ ರ್‍ಯಾಂಡಲ್ ಪಟ್ಟು ಹಿಡಿದರು. ಆ ವರ್ಷದ ಕೊನೆಗೆ ಲಿಯೋ ಸೋತರು, ಸರಳು ಬಂತು.

ಹೇಗೆ ಬಂತು ನೋಡಿ. ಕತ್ತು ಒಂದೇ ತುಂಡು ಮೇಪಲ್. ಆದ್ದರಿಂದ ಹಿಂದಿನಿಂದ ಕಾಲುವೆ ಕೊರೆದು, ಸರಳನ್ನು ನಡುವೆ ಕತ್ತಿನ ಬೆನ್ನಿಗೆ ಹತ್ತಿರ ಬರುವಂತೆ ಬಾಗಿಸಿ ಇಟ್ಟು, ಮೇಲೆ ವಾಲ್‌ನಟ್ ಮರದ ಕಂದು ಪಟ್ಟಿ ಅಂಟಿಸಿದರು. ನಟ್ಟು ಬಿಗಿಸಿದಾಗ ಬಾಗಿದ ಸರಳು ನೆಟ್ಟಗಾಗಲು ಹೋಗುತ್ತದೆ, ಕತ್ತಿನ ನಡುವನ್ನು ತಂತಿಗಳ ಕಡೆಗೆ ಒತ್ತುತ್ತದೆ. ತಂತಿಯ ಸೆಳೆತಕ್ಕೆ ಅದೇ ಎದುರೇಟು. 1958-59ರಲ್ಲಿ ರೋಸ್‌ವುಡ್ ಹಲಗೆ ಬಂದಾಗ ಸರಳನ್ನು ಮುಂದಿನಿಂದ ಇಟ್ಟು ಹಲಗೆಯಿಂದ ಮುಚ್ಚಿದರು.

ಪುಣೆಯ ಮಿತ್ರರೇ, ನಿಮ್ಮ ಗಿಟಾರಿನ ಬೆನ್ನಿಗೆ ಕಂದು ಪಟ್ಟಿ ಇದೆಯೆಂದು ಬರೆದಿದ್ದೀರಿ, ನಟ್ಟು ಕತ್ತಿನ ಬುಡದಲ್ಲಿದೆಯೆಂದೂ ಬರೆದಿದ್ದೀರಿ. ಮೊದಲು ಕತ್ತು ಬಿಚ್ಚಿಸಿ ನಟ್ಟು ತೆಗೆಸಿ ನೋಡಿ. ಸವೆದದ್ದು ನಟ್ಟು ಮಾತ್ರವಾದರೆ ಹೊಸ ನಟ್ಟು ಸಾಕು. ಸರಳಿನ ತುದಿಯ ಮರೆಯೇ ಹೋಗಿದ್ದರೆ ಸುತ್ತಲಿನ ಮರವನ್ನು ತುಸು ಕೊರೆದು, ಇನ್ನಷ್ಟು ಒಳಗೆ ಹೊಸ ಮರೆ ಕೊಯ್ಯಬಹುದು. ಸರಳು ಒಳಗೇ ಮುರಿದಿದ್ದರೆ ಮಾತ್ರ ಪಟ್ಟಿಯನ್ನು ಕೊರೆದು ತೆಗೆದು, ಅದೇ ಬಾಗಿಗೆ ಹೊಸ ಸರಳು ಕೂರಿಸಿ, ಹೊಸ ಪಟ್ಟಿ ಅಂಟಿಸಬೇಕು. ಆ ಜಾಗದ ಹಳೆಯ ಪಾಲಿಶ್ ಹೋಗುತ್ತದೆ. ಹಳೆಯ ಗಿಟಾರು ಕೊಳ್ಳುವವರು ಅದನ್ನು ನೋಡಿ ಬೆಲೆ ಇಳಿಸುತ್ತಾರೆ.

ಲಿಯೋ ಅವರನ್ನು ಕೇಳಿದ್ದರೆ, ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕತ್ತು ಹಾಕಿ ಎನ್ನುತ್ತಿದ್ದರೇನೋ. ಆದರೆ ನಿಮ್ಮ ತಂದೆಯವರ ಹೆಬ್ಬೆರಳು ಸವೆಸಿದ ಗುರುತು ಇರುವುದು ಈ ಕತ್ತಿನ ಮೇಲೆ. ನನ್ನನ್ನು ಕೇಳಿದರೆ ಪಾಲಿಶ್ ಹೋದರೂ ಸರಳನ್ನೇ ಬದಲಿಸಿ. ಮುರಿದ ಸರಳನ್ನು ಎಸೆಯದೆ ಇಟ್ಟುಕೊಳ್ಳಿ. ಕತ್ತು ಬಿಚ್ಚುವ ಮೊದಲು ತಂತಿಗಳನ್ನು ಸಡಿಲಿಸಲು ಮರೆಯಬೇಡಿ.