ಎಲ್ ವಾಫಿ: ಗೆದ್ದವರನ್ನು ಮರೆತ ಕತೆ

ಆಫ್ರಿಕಾದ ಮ್ಯಾರಥಾನ್ ಓಟಗಾರರೆಂದರೆ ನಮಗೆಲ್ಲ ಮೊದಲು ನೆನಪಾಗುವವರು ಅಬೆಬೆ ಬಿಕಿಲ. 1960ರಲ್ಲಿ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಆ ಇಥಿಯೋಪಿಯಾದ ಸೈನಿಕರ ಕತೆ ಅಷ್ಟು ಪ್ರಸಿದ್ಧ. ಆದರೆ ಅವರಿಗಿಂತ 32 ವರ್ಷ ಮೊದಲೇ ಅಲ್ಜೀರಿಯಾದ ಒಬ್ಬ ಮುಸ್ಲಿಮ್ ಕಾರ್ಮಿಕ ಒಲಿಂಪಿಕ್ಸ್‌ನಲ್ಲಿ ಅದೇ ಓಟವನ್ನು ಗೆದ್ದಿದ್ದರು. ಹೆಸರು ಬೂಗೆರಾ ಎಲ್ ವಾಫಿ. ಆ ಪದಕ ಇರುವುದು ಮಾತ್ರ ಫ್ರಾನ್ಸಿನ ಲೆಕ್ಕದಲ್ಲಿ.

ಎಲ್ ವಾಫಿ ಹುಟ್ಟಿದ್ದು 1898ರಲ್ಲಿ, ಸಹಾರಾ ಮರುಭೂಮಿಯ ಅಂಚಿನ ಔಲದ್ ಜೆಲ್ಲಾಲ್ ಎಂಬ ಊರಿನಲ್ಲಿ. ಅಲ್ಜೀರಿಯಾವನ್ನು ಫ್ರೆಂಚರು ಆಕ್ರಮಿಸತೊಡಗಿದ್ದು 1830ರಲ್ಲಿ. 1865ರ ಕಾನೂನಿನ ಪ್ರಕಾರ ಅಲ್ಲಿಯ ಮುಸ್ಲಿಮ್ ಫ್ರಾನ್ಸಿನ ಅಧೀನ ಪ್ರಜೆ, ಆದರೆ ಪೂರ್ಣ ನಾಗರಿಕನಲ್ಲ. ನಾಗರಿಕನಾಗಬೇಕಿದ್ದರೆ ತನ್ನ ಶರೀಅತ್ ವೈಯಕ್ತಿಕ ಕಾನೂನನ್ನು ಬಿಟ್ಟುಕೊಡಬೇಕಿತ್ತು. ಆದರೆ ಯುದ್ಧಕ್ಕೆ ಆಳು ಬೇಕಾದಾಗ, ಕಾರ್ಖಾನೆಗೆ ಕೈ ಬೇಕಾದಾಗ ಈ ಅರ್ಹತೆಯನ್ನು ಯಾರೂ ಕೇಳಲಿಲ್ಲ. ಎಲ್ ವಾಫಿ ಕೂಡ ಫ್ರೆಂಚ್ ಸೇನೆ ಸೇರಿದರು. ಅವರ ಓಟದ ಕಸುವನ್ನು ಗುರುತಿಸಿದ್ದೂ ಸೇನೆಯ ಅಧಿಕಾರಿಗಳೇ. 1924ರ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಏಳನೆಯವರಾಗಿ ಬಂದರು.

ಏಳನೆಯವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ಅವರು ಓಟ ಬಿಡಲಿಲ್ಲ. ಸೇನೆಯಿಂದ ಹೊರಬಂದ ಮೇಲೆ ಪ್ಯಾರಿಸ್ ಪಕ್ಕದ ಬಿಲ್ಲಾಂಕೂರಿನ ರೆನೋ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಹಗಲು ಯಂತ್ರಗಳ ನಡುವೆ ದುಡಿತ, ಉಳಿದ ಹೊತ್ತಿನಲ್ಲಿ ಓಟ. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. ದುಡಿದು ದಣಿದ ಮೈಯನ್ನು ಅಷ್ಟು ದೂರಕ್ಕೆ ಅಣಿಗೊಳಿಸುವುದು ಹೇಗೆಂಬುದನ್ನು ಬೀಡಿ ಕಟ್ಟಿ, ಹಮಾಲಿ ಮಾಡಿ ಬದುಕುವ ನಮ್ಮ ಮೊಹಲ್ಲಾಗಳ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1928ರ ಆಗಸ್ಟ್ 5. ಆಮ್‌ಸ್ಟರ್‌ಡ್ಯಾಮ್. ಮುಂದಿದ್ದವರಲ್ಲಿ ಜಪಾನಿನ ಯಮಾದಾ ಮತ್ತು ಅಮೆರಿಕದ ಜೋಯಿ ರೇ ಇದ್ದರು. ಎಲ್ ವಾಫಿ ಆತುರಪಡಲಿಲ್ಲ. ಕೊನೆಯ ಹಂತದಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ 2 ಗಂಟೆ 32 ನಿಮಿಷ 57 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಎರಡನೆಯವರಾದ ಚಿಲಿಯ ಮ್ಯಾನುಯೆಲ್ ಪ್ಲಾಸಾ ಬಂದದ್ದು 26 ಸೆಕೆಂಡುಗಳ ನಂತರ. (ನಮ್ಮ ದೇಶ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದದ್ದೂ ಅದೇ ಒಲಿಂಪಿಕ್ಸ್‌ನಲ್ಲಿ. ಧ್ಯಾನ್‌ಚಂದ್ ಕೂಡ ಆಗ ಪರರಾಜ್ಯದ ಸೇನೆಯ ಸಿಪಾಯಿಯೇ. ಆದರೆ ಆ ಗೆಲುವು ಭಾರತದ ಹೆಸರಿಗೇ ದಾಖಲಾಯಿತು.)

ಆಮೇಲಿನದು ಇಳಿಜಾರು. ಅಮೆರಿಕದಿಂದ ಕರೆ ಬಂತು. ಹಣಕ್ಕಾಗಿ ಪ್ರದರ್ಶನ ಓಟಗಳನ್ನು ಓಡಿದರು. ಅಂದಿನ ನಿಯಮದಂತೆ ಓಟದಿಂದ ಹಣ ಪಡೆದವನು ಹವ್ಯಾಸಿಯಲ್ಲ. ಅವರನ್ನು ಸ್ಪರ್ಧೆಗಳಿಂದ ಹೊರಹಾಕಲಾಯಿತು. ಈ ನಿಯಮವನ್ನು ಮಾಡಿದವರು ಹಣವಿದ್ದ ಮಹನೀಯರು. ಕೂಲಿಯ ಮೇಲೆ ಬದುಕುವವನಿಗೆ ಹವ್ಯಾಸವೆಂಬುದು ಎಂಥ ದುಬಾರಿ ವಸ್ತು ಎಂದು ಅವರಿಗೆ ತಿಳಿದಿರಲಿಲ್ಲ, ಅಥವಾ ಚೆನ್ನಾಗಿಯೇ ತಿಳಿದಿತ್ತು. ಗಳಿಸಿದ ಹಣದಲ್ಲಿ ಎಲ್ ವಾಫಿ ಪ್ಯಾರಿಸ್ಸಿನಲ್ಲಿ ಒಂದು ಕೆಫೆ ಕೊಂಡರು. ಪಾಲುದಾರ ಮೋಸ ಮಾಡಿದ. ಚಿನ್ನ ಗೆದ್ದವರು ಮತ್ತೆ ಕಾರ್ಖಾನೆಯ ಕೆಲಸಕ್ಕೆ ಮರಳಿದರು. ವಾಫಿ ಎಂಬ ಅರಬಿ ಪದಕ್ಕೂ ನಾವು ಉರ್ದುವಿನಲ್ಲಿ ಹೇಳುವ 'ವಫಾ'ಕ್ಕೂ ಮೂಲ ಒಂದೇ. ವಫಾದಾರಿ ಒಂದು ಕಡೆಯಿಂದಷ್ಟೇ ನಡೆಯಿತು.

ಅವರನ್ನು ಮತ್ತೆ ನೆನಪಿಗೆ ತಂದವರು ಇನ್ನೊಬ್ಬ ಅಲ್ಜೀರಿಯನ್, ಅಲೈನ್ ಮಿಮೂನ್. 1921ರಲ್ಲಿ ಹುಟ್ಟಿದಾಗ ಅವರ ಹೆಸರು ಅಲಿ ಮಿಮೂನ್. 1944ರಲ್ಲಿ ಇಟಲಿಯ ಮೊಂತೆ ಕಸೀನೊ ಯುದ್ಧದಲ್ಲಿ ಅವರ ಕಾಲಿಗೆ ಎಂಥ ಪೆಟ್ಟು ಬಿತ್ತೆಂದರೆ, ಅದನ್ನು ಕತ್ತರಿಸಬೇಕೆಂಬ ಮಾತು ಬಂದಿತ್ತು. ಕಾಲು ಉಳಿಯಿತು. ಆ ಕಾಲಿನಲ್ಲೇ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಮೂರು ಬೆಳ್ಳಿ ಗೆದ್ದರು. ಮೂರು ಸಲವೂ ಮುಂದಿದ್ದವರು ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್. 1956ರ ಡಿಸೆಂಬರ್ 1ರಂದು ಮೆಲ್ಬೋರ್ನ್‌ನ ಬಿಸಿಲಿನಲ್ಲಿ, 35ನೇ ವಯಸ್ಸಿನಲ್ಲಿ, ಮಿಮೂನ್ ತಮ್ಮ ಮೊದಲ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ಗೆದ್ದ ಮೇಲೆ ಮೈದಾನ ಬಿಟ್ಟು ಹೋಗಲಿಲ್ಲ. ಗುರಿಯ ಬಳಿಯೇ ನಿಂತು ಜಾಟೊಪೆಕ್‌ಗಾಗಿ ಕಾದರು. ಆರನೆಯವರಾಗಿ, ಬಸವಳಿದು ಬಂದ ಜಾಟೊಪೆಕ್ ಗೆದ್ದವರು ಯಾರೆಂದು ತಿಳಿದಾಗ ಟೋಪಿ ತೆಗೆದು ಸೆಲ್ಯೂಟ್ ಮಾಡಿ ಗೆಳೆಯನನ್ನು ತಬ್ಬಿಕೊಂಡರು. ಎಷ್ಟು ಪದಕಗಳನ್ನು ತೂಗಿದರೂ ಆ ಅಪ್ಪುಗೆಗೆ ಸಮವಾಗಲಾರದು ಎಂದು ನಮಗನ್ನಿಸುತ್ತದೆ.

ಫ್ರಾನ್ಸ್ ಮಿಮೂನರನ್ನು ತಲೆಯ ಮೇಲೆ ಹೊತ್ತಿತು. ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯ ಸಮರ ಆರಂಭವಾಗಿ ಆಗ ಎರಡು ವರ್ಷ. ಮಿಮೂನ್ ಕ್ಯಾಥೊಲಿಕ್ ಧರ್ಮ ಸ್ವೀಕರಿಸಿದವರು, ಕೊನೆಯವರೆಗೂ ಫ್ರೆಂಚರಾಗಿಯೇ ಬಾಳಿದವರು. ಅವರನ್ನು ಅಳೆಯಲು ಕೆಲವರ ಬಳಿ ಸಿದ್ಧ ತಕ್ಕಡಿಯಿದೆ, ನಮಗೆ ಅದು ಬೇಡ. 28 ವರ್ಷ ಹಿಂದೆ ಗೆದ್ದು ಗುಮ್‌ನಾಮ್ ಆಗಿದ್ದ ಹಿರಿಯರನ್ನು ಅವರು ಮರೆಯಲಿಲ್ಲ. ತಮಗೆ ರಾಷ್ಟ್ರಪತಿ ರೆನೆ ಕೋಟಿ ಅರಮನೆಯಲ್ಲಿ ಸತ್ಕಾರ ಏರ್ಪಡಿಸಿದಾಗ ಎಲ್ ವಾಫಿಯವರನ್ನೂ ಜೊತೆಗೆ ಕರೆದೊಯ್ದರು.

ಮೂರು ವರ್ಷಗಳಷ್ಟೇ. 1959ರ ಅಕ್ಟೋಬರ್ 18ರಂದು ಎಲ್ ವಾಫಿ ಗುಂಡೇಟಿಗೆ ಬಲಿಯಾದರು. ಸ್ವಾತಂತ್ರ್ಯ ಹೋರಾಟಗಾರರ ಸಂಘಟನೆಯೇ ಕೊಂದಿತೆಂದು ಕೆಲವರು, ಕುಟುಂಬದ ಜಗಳವೆಂದು ಇನ್ನು ಕೆಲವರು. ಇಬ್ಬರ ಮಾತನ್ನು ಹಿಡಿದು ಅವರನ್ನು ಹುತಾತ್ಮನೆಂದಾಗಲಿ ದ್ರೋಹಿಯೆಂದಾಗಲಿ ಕರೆಯುವುದು ಅನ್ಯಾಯ. ಅವರ ದಫನ್ ನಡೆದದ್ದು ಪ್ಯಾರಿಸ್ ಹೊರವಲಯದ ಬೊಬಿನ್ಯಿಯ ಮುಸ್ಲಿಮ್ ಖಬರಸ್ತಾನದಲ್ಲಿ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಅವರು ತೀರಿಹೋಗಿ ಮೂರು ವರ್ಷವೂ ತುಂಬಿರಲಿಲ್ಲ. 2013ರಲ್ಲಿ ಕಣ್ಮುಚ್ಚಿದ ಮಿಮೂನರ ಹೆಸರನ್ನು ಫ್ರಾನ್ಸಿನ ಹತ್ತಾರು ಕ್ರೀಡಾಂಗಣಗಳು ಹೊತ್ತಿವೆ.